ಜೋಳದ ಋಣಕ್ಕೆ ಸತ್ತವರು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಹಳ್ಳಿಗಳಲ್ಲಿ ಊರಬಾಗಿಲ ಹತ್ತಿರವೋ, ಕೆರೆ ಏರಿಯ ಮೇಲೋ, ಪಾಳುಗುಡಿಯ ಪಕ್ಕದಲ್ಲೋ ಹಳೆಯ ಕಲ್ಲುಗಳು ನಿಂತಿವೆ. ಕೆಲವು ನೆಲಕ್ಕೆ ಬಿದ್ದಿವೆ. ಕೆಳಗೆ ಕತ್ತಿ ಹಿಡಿದ ಒಬ್ಬ ಆಳು, ಅದರ ಮೇಲೆ ಅವನನ್ನು ಎತ್ತಿಕೊಂಡು ಹೋಗುವ ದೇವಲೋಕದ ಹೆಂಗಸರು, ಅದಕ್ಕೂ ಮೇಲೆ ಲಿಂಗದ ಮುಂದೆ ಕುಳಿತ ಅದೇ ಆಳು, ತುದಿಯಲ್ಲಿ ಸೂರ್ಯ ಚಂದ್ರ. ಇವು ವೀರಗಲ್ಲುಗಳು. ಕೆಲವು ಕಡೆ ಜನ ಎಣ್ಣೆ ಹಚ್ಚಿ ಕೈ ಮುಗೀತಾರೆ. ಕೆಲವು ಕಡೆ ದನ ಕಟ್ಟುತ್ತಾರೆ, ಬಟ್ಟೆ ಒಗೀತಾರೆ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು 2018ರಲ್ಲಿ. ಈ ನಾಲ್ಕೂ ಸೇರಿರುವ ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಕಲ್ಲುಗಳಿಗೆ ಈ ಗಡಿ ಯಾವುದೂ ಗೊತ್ತಿಲ್ಲ.

ನಾವು ಯುದ್ಧವನ್ನು ಒಪ್ಪದ ಜನ. ಧಣಿಗಳ ಜಗಳಕ್ಕೆ ಬಡವರ ಮಕ್ಕಳು ಸಾಯುವುದನ್ನು ಕಂಡವರು, ಕೇಳಿದವರು. ಹಾಗಾದರೆ ಈ ಕಲ್ಲುಗಳ ಮುಂದೆ ನಾವು ಏನು ಮಾಡಬೇಕು? ನಮ್ಮ ಕೆಲವು ಗೆಳೆಯರು, ಇವೆಲ್ಲ ಪಾಳೇಗಾರಿಕೆಯ ಕೊಳೆ, ಇದನ್ನು ಹೊತ್ತು ತಿರುಗುವುದೇಕೆ ಅನ್ನುತ್ತಾರೆ. ಇನ್ನೊಂದು ಕಡೆ, ಸತ್ತ ಪ್ರತಿಯೊಬ್ಬ ಸಿಪಾಯಿಯನ್ನೂ ಮುಂದಿನ ಯುದ್ಧಕ್ಕೆ ಸೌದೆ ಮಾಡಿಕೊಳ್ಳುವವರು ಇದ್ದಾರೆ. ಈ ಎರಡು ಮಾತಿನ ನಡುವೆ ಸತ್ತವನೇ ಕಾಣೆಯಾಗುತ್ತಾನೆ. ನಾವು ಅವನ ಕಡೆ ನಿಂತು ಚರಿತ್ರೆಯನ್ನು ನೋಡಬೇಕಾಗಿದೆ.

ಮೊದಲು ಕಲ್ಲು ಏನು ಹೇಳುತ್ತದೆ ಕೇಳೋಣ. ವೀರಗಲ್ಲುಗಳೆಲ್ಲ ಅರಸರ ದಂಡಯಾತ್ರೆಯ ಕಲ್ಲುಗಳಲ್ಲ. ತುರುಗೊಳ್ ಅನ್ನುವ ಮಾತು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಂದರೆ ದನ ಹೊಡೆದುಕೊಂಡು ಹೋಗುವುದು. ದನ ಬಿಡಿಸಿಕೊಳ್ಳಲು ಹೋಗಿ ಸತ್ತವರ ಕಲ್ಲುಗಳು ಬಹಳ. ಪೆಣ್ಬುಯ್ಯಲ್ ಅಂದರೆ ಹೆಂಗಸರ ಮೇಲೆ ಕೈಮಾಡಿದಾಗ ಎದ್ದ ಹುಯಿಲು. ಅದಕ್ಕೆ ಓಡಿಹೋಗಿ ಸತ್ತವರ ಕಲ್ಲುಗಳಿವೆ. ಊರ ಗಡಿ ಜಗಳದಲ್ಲಿ ಬಿದ್ದವರಿದ್ದಾರೆ, ಹುಲಿ ಹಂದಿಗಳ ಕೂಡ ಹೋರಾಡಿ ಸತ್ತವರಿದ್ದಾರೆ. ಊರಿನ ಜನ ತಮಗಾಗಿ ಸತ್ತವನಿಗೆ ನಿಲ್ಲಿಸಿದ ಕಲ್ಲನ್ನು ಪಾಳೇಗಾರಿಕೆಯ ಕೊಳೆ ಅಂತ ಒಂದೇ ಮಾತಲ್ಲಿ ಗುಡಿಸಿ ಹಾಕಲು ಬರುತ್ತದೆಯೇ?

ಅರಸರಿಗಾಗಿ ಸತ್ತವರೂ ಇದ್ದಾರೆ, ಅದನ್ನು ಮುಚ್ಚಿಡುವುದು ಬೇಡ. ಅವರ ಸಾವಿಗೆ ಹಳಗನ್ನಡದಲ್ಲಿ ಒಂದು ಮಾತಿದೆ: ಜೋಳವಾಳಿ. ಒಡೆಯನ ಜೋಳ ತಿಂದ ಋಣಕ್ಕೆ ಪ್ರಾಣ ಕೊಡುವ ಕಟ್ಟಳೆ. ಜಗಳೂರಿನ ಕಡೆಯ ಒಣನೆಲದವರಿಗೆ ಜೋಳ ಅಂದರೆ ಏನು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಂದು ರೊಟ್ಟಿಗೆ ಒಂದು ತಲೆ! ಜೋಳ ಬೆಳೆದವನು ಯಾರು, ಅದನ್ನು ಕಣಜಕ್ಕೆ ತುಂಬಿಕೊಂಡವನು ಯಾರು ಎಂದು ಕೇಳಿದರೆ ಈ ಋಣದ ಲೆಕ್ಕವೇ ತಲೆಕೆಳಗಾಗುತ್ತದೆ. ಸಾಲದ್ದಕ್ಕೆ, ಗೆದ್ದರೆ ಸಿರಿ, ಸತ್ತರೆ ದೇವಕನ್ಯೆ ಎಂಬ ಆಸೆಯನ್ನು ಕಲ್ಲಿನ ಮೇಲೇ ಕೆತ್ತಿಸಿದರು. ಸಿರಿ ಯಾರ ಮನೆಗೆ ಹೋಯಿತು, ದೇವಕನ್ಯೆ ಯಾರ ಪಾಲಿಗೆ ಬಂದಳು ಅಂತ ನಮಗೆ ಗೊತ್ತಿದೆ. ಈ ಮೋಸವನ್ನು ಹೇಳಬೇಕು, ಗಟ್ಟಿಯಾಗಿಯೇ ಹೇಳಬೇಕು. ಆದರೆ ಮೋಸ ಮಾಡಿದವನ ಮೇಲಿನ ಸಿಟ್ಟನ್ನು ಮೋಸಹೋದವನ ಕಲ್ಲಿನ ಮೇಲೆ ತೀರಿಸಿಕೊಳ್ಳಬಾರದು.

ಹಳಬರ ಗೌರವ ಬರೀ ಕಲ್ಲಿಗೆ ನಿಲ್ಲುತ್ತಿರಲಿಲ್ಲ. ಸತ್ತವನ ಮನೆಯವರಿಗೆ ಭೂಮಿ ಕೊಡುವ ವಾಡಿಕೆ ಇತ್ತು. ಅದಕ್ಕೆ ನೆತ್ತರುಗೊಡಗೆ ಅನ್ನುತ್ತಿದ್ದರು. ಹೆಸರೇ ಹೇಳುತ್ತದೆ, ನೆತ್ತರಿಗೆ ಕೊಟ್ಟ ನೆಲ. ಆದರೆ ಆ ನೆಲ ಎಲ್ಲರ ಮನೆಗೂ ಬಂತೇ? ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನೋಡಿ. ಕ್ರಿ.ಶ. 949ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಹೋರಾಡಿದ ಮಣಲೇರ, ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನಿಂದ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದ. ಆ ನಾಯಿ ಹಂದಿಯೊಂದಿಗೆ ಕಾದಾಡಿ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿದರು, ಪೂಜೆಗೆ ಭೂಮಿ ಬಿಟ್ಟರು. ನಾಯಿಯ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಧೈರ್ಯದ ನಾಯಿ, ಗೌರವ ಸಿಗಲಿ. ಆದರೆ ಅದೇ ತಕ್ಕೋಲದಲ್ಲಿ ಬಿದ್ದ ಕಾಲಾಳುಗಳಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತಿದೆ? ಒಡೆಯನಿಗೆ ಬೇಕಾದವರ ಹೆಸರು ಉಳಿಯುತ್ತದೆ, ಬೇಡವಾದವರದು ಮಣ್ಣಾಗುತ್ತದೆ.

ನಮ್ಮ ಸೀಮೆಗೇ ಬರೋಣ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಅವನ ದಂಡಿನ ಸಿಪಾಯಿಗಳಿಗೆ ಒಂದೇ ದಿನಕ್ಕೆ ಸಂಬಳವೂ ಇಲ್ಲ, ಧಣಿಯೂ ಇಲ್ಲ ಅಂತಾಯಿತು. ಆಗ ಟಿಪ್ಪುವಿನ ಸೆರೆಯಿಂದ ಹೊರಬಂದವನು ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘ್. ಕೆಲಸ ಕಳೆದುಕೊಂಡ ಆ ಸಿಪಾಯಿಗಳು ಅವನ ಹಿಂದೆ ಹೋದರು. ಬಿದನೂರು ಸೀಮೆಯ ಕೋಟೆಗಳನ್ನು ಹಿಡಿದರು. ಇಂಗ್ಲಿಷರ ದಂಡು ಬೆನ್ನುಹತ್ತಿತು. ಧೋಂಡಿಯ ತುಂಗಭದ್ರೆಯ ಆಚೆಗೆ ಸರಿದ. ಉಭಯಲೋಕಾಧೀಶ್ವರ ಅಂತ ತನ್ನನ್ನು ಕರೆದುಕೊಂಡ ಆತ 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ಕುದುರೆ ದಂಡಿಗೆ ಸಿಕ್ಕಿ ಸತ್ತ. ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲೆಸ್ಲಿಯೇ ಇವನು. ಧೋಂಡಿಯನ ಎಳೆಯ ಮಗ ಸಲಾಬತ್ ಖಾನ್ ಅಲ್ಲಿ ಸಿಕ್ಕಾಗ ವೆಲ್ಲೆಸ್ಲಿ ಅವನನ್ನು ಸಾಕುವ ಹೊಣೆ ಹೊತ್ತ. ಕೊಂದವನೂ ಸತ್ತವನ ಮನೆಯ ಮುಖ ನೋಡಿದ ಅಂತಾಯಿತು.

ಧೋಂಡಿಯ ಲೂಟಿಕೋರನೋ, ಬಂಡಾಯಗಾರನೋ? ಇಂಗ್ಲಿಷರು ಒಂದು ಹೇಳಿದರು, ನಮ್ಮವರು ಇನ್ನೊಂದು ಹೇಳುತ್ತಾರೆ. ಆ ವಾದ ನಡೆಯಲಿ. ನಮಗೆ ಕಾಡುವುದು ಅವನ ಹಿಂದೆ ಹೋದ ಹೆಸರಿಲ್ಲದ ಮಂದಿ. ಎರಡು ಲೋಕದ ಒಡೆತನ ಅವರಿಗೇನೂ ಬೇಕಿರಲಿಲ್ಲ. ಅಂದಿನ ಅನ್ನ ಬೇಕಾಗಿತ್ತು. ಅವರಿಗೆ ಎದುರು ನಿಂತ ಕಂಪನಿಯ ಸಿಪಾಯಿಗಳಲ್ಲೂ ಇದೇ ನಾಡಿನ ಬಡವರಿದ್ದರು. ಎರಡೂ ಕಡೆ ಅದೇ ಜೋಳದ ಋಣ.

ಜಗಳೂರು ಕಡೆ ಇದ್ದದ್ದು ಚಿತ್ರದುರ್ಗದ ನಾಯಕರ ಆಳ್ವಿಕೆ. 1779ರಲ್ಲಿ ಹೈದರಾಲಿ ದುರ್ಗವನ್ನು ಗೆದ್ದ ಮೇಲೆ 20 ಸಾವಿರ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ಅವರ ಹುಡುಗರನ್ನು ಚೇಲಾ ಎಂಬ ದಂಡಿಗೆ ಸೇರಿಸಿದ ಎಂದು ವಿಲ್ಕ್ಸ್ ಬರೆದಿದ್ದಾನೆ. ಅಪ್ಪ ಯಾರ ವಿರುದ್ಧ ಕತ್ತಿ ಹಿಡಿದನೋ ಮಗ ಅವರ ಪರವಾಗಿಯೇ ಕತ್ತಿ ಹಿಡಿಯಬೇಕಾಯಿತು. ಈ ಹುಡುಗರು ಯಾವುದೋ ರಣದಲ್ಲಿ ಸತ್ತಿದ್ದರೆ ಅವರನ್ನು ಯಾರ ಪಕ್ಷದವರು ಅಂತ ಕರೆಯುವುದು?

ಅದೇ ದುರ್ಗದ ಓಬವ್ವನನ್ನು ನೆನೆಯಿರಿ. ಹೊಲೆಯರ ಮಗಳು, ಕಾವಲುಗಾರನ ಹೆಂಡತಿ. ಕೋಟೆಯ ಕಿಂಡಿಯಲ್ಲಿ ನುಸುಳಿ ಬಂದ ಹೈದರನ ಸಿಪಾಯಿಗಳನ್ನು ಒನಕೆಯಿಂದ ಬಡಿದಳು ಅಂತ ಜನರ ನೆನಪು ಹೇಳುತ್ತದೆ. ಆ ಕೋಟೆ ಅವಳದಾಗಿತ್ತೇ? ಆದರೂ ಓಬವ್ವ ನಮ್ಮವಳು. 2021ರಿಂದ ಸರ್ಕಾರ ನವೆಂಬರ್ 11ರಂದು ಅವಳ ಜಯಂತಿ ಮಾಡುತ್ತಿದೆ. 1918ರಲ್ಲಿ ಮೊದಲ ಮಹಾಯುದ್ಧ ನಿಂತ ದಿನವೂ ಅದೇ. ಓಬವ್ವನಿಗೆ ಹೂ ಹಾಕುವಾಗ ನಾವ್ಯಾರೂ ನಾಯಕರ ರಾಜಕೀಯವನ್ನು ಒಪ್ಪಿ ಸಹಿ ಹಾಕುವುದಿಲ್ಲ. ಹಾಗೆಯೇ, ಆ ಕಿಂಡಿಯಲ್ಲಿ ತಲೆ ಒಡೆದು ಬಿದ್ದವರೂ ಯಾವುದೋ ತಾಯಿ ಹೆತ್ತ ಮಕ್ಕಳು. ಓಬವ್ವನನ್ನು ಹಾಡುವ ಬಾಯಿಯೇ ಅವರಿಗಾಗಿಯೂ ಒಂದು ಗಳಿಗೆ ಸುಮ್ಮನಾದರೆ ಅವಳ ಮಾನವೇನೂ ಕಡಿಮೆಯಾಗುವುದಿಲ್ಲ.

ಇದೇ ಪ್ರಶ್ನೆ ಭೀಮಾ ಕೋರೆಗಾಂವ್‌ನಲ್ಲೂ ಇದೆ. 1818ರ ಜನವರಿ 1ರಂದು ಕಂಪನಿಯ ದಂಡಿನಲ್ಲಿ ನಿಂತು ಪೇಶ್ವೆಯ ದಂಡಿನೊಂದಿಗೆ ಕಾದಿ ಸತ್ತ ಮಹಾರ್ ಸಿಪಾಯಿಗಳ ಹೆಸರು ಅಲ್ಲಿಯ ಕಂಬದ ಮೇಲಿದೆ. ಅದು ಕಂಪನಿಯ ಯುದ್ಧ, ಕಂಪನಿ ತನ್ನ ಜಂಬಕ್ಕೆ ನಿಲ್ಲಿಸಿದ ಕಂಬ. ಬಾಬಾಸಾಹೇಬರಿಗೆ ಇದು ಗೊತ್ತಿರಲಿಲ್ಲವೇ? ಆದರೂ 1927ರ ಜನವರಿ 1ರಂದು ಅವರು ಅಲ್ಲಿಗೆ ಹೋದರು. ಅಸ್ಪೃಶ್ಯ ಎನಿಸಿಕೊಂಡವನ ಹೆಸರು ಕಲ್ಲಿನ ಮೇಲೆ ಕಂಡದ್ದೇ ಒಂದು ದೊಡ್ಡ ಮಾತು. ಅದೇ ಇಂಗ್ಲಿಷರು ಮುಂದೆ, ಇವರು ಯೋಧರ ಕುಲದವರಲ್ಲ ಅಂತ ಹೇಳಿ ಮಹಾರರಿಗೆ ದಂಡಿನ ಬಾಗಿಲು ಮುಚ್ಚಿದರು. ಸಾಯಲು ಬೇಕಾದಾಗ ಜಾತಿ ಅಡ್ಡ ಬರಲಿಲ್ಲ, ಸಂಬಳ ಕೊಡಬೇಕಾದಾಗ ಬಂತು!

ಸಾವಿನಲ್ಲೂ ಪಂಕ್ತಿಭೇದ ಮಾಡುವುದು ನಮ್ಮ ದೇಶದ ರೋಗ ಮಾತ್ರವಲ್ಲ. ಮೊದಲ ಮಹಾಯುದ್ಧದಲ್ಲಿ ಸತ್ತವರನ್ನು ಜಾತಿ, ಬಣ್ಣ, ಹುದ್ದೆಯ ಭೇದವಿಲ್ಲದೆ ನೆನೆಯುತ್ತೇವೆ ಎಂದು ಬ್ರಿಟಿಷ್ ಸಾಮ್ರಾಜ್ಯದ ಸಮಾಧಿ ಆಯೋಗ ಮಾತು ಕೊಟ್ಟಿತ್ತು. ಆ ಮಾತು ನಡೆಯಲಿಲ್ಲ ಅಂತ 2021ರಲ್ಲಿ ಆಯೋಗವೇ ವರದಿ ಮಾಡಿ ಕ್ಷಮೆ ಕೇಳಿತು. ಕನಿಷ್ಠ 1 ಲಕ್ಷ 16 ಸಾವಿರ ಜನ ಹೆಸರಿಲ್ಲದೆ, ಇಲ್ಲವೇ ಯಾವ ಗುರುತೂ ಇಲ್ಲದೆ ಹೋಗಿದ್ದರು. ಅವರಲ್ಲಿ ಹೆಚ್ಚಿನವರು ಆಫ್ರಿಕಾದ ಕಪ್ಪು ಜನ, ಈಜಿಪ್ಟಿನವರು.

ಇದಕ್ಕೆ ಬೇರೆ ದಾರಿಯೂ ಇದೆ. ವಿಯೆಟ್ನಾಂ ಯುದ್ಧವನ್ನು ಅಮೆರಿಕದ ಲಕ್ಷಾಂತರ ಜನ ಬೀದಿಗಿಳಿದು ವಿರೋಧಿಸಿದರು. ಅಲ್ಲಿ ಸತ್ತ ಸಿಪಾಯಿಗಳಿಗೆ 1982ರಲ್ಲಿ ವಾಷಿಂಗ್ಟನ್ನಿನಲ್ಲಿ ಒಂದು ಕಪ್ಪುಗಲ್ಲಿನ ಗೋಡೆ ಕಟ್ಟಿದರು. ಅದರ ನಕ್ಷೆ ಮಾಡಿದ ಮಾಯಾ ಲಿನ್ ಆಗಿನ್ನೂ ಓದುವ ಹುಡುಗಿ. ಸುಮಾರು 58 ಸಾವಿರ ಹೆಸರು, ಸತ್ತ ದಿನದ ಸಾಲಿನಲ್ಲಿ. ಯಾರ ಹೆಸರಿನ ಮುಂದೆಯೂ ಹುದ್ದೆ ಇಲ್ಲ. ಯುದ್ಧ ಸರಿ ಅಂತಲೂ ಆ ಗೋಡೆ ಹೇಳುವುದಿಲ್ಲ. ಆದರೆ ಅದರಲ್ಲಿ ಸತ್ತ ವಿಯೆಟ್ನಾಮಿನ ಲಕ್ಷಗಟ್ಟಲೆ ಜನರ ಹೆಸರಿಲ್ಲ, ಅದನ್ನೂ ಮರೆಯಬಾರದು. ನಮ್ಮ ದೇಶ 1987ರಿಂದ 1990ರವರೆಗೆ ಶ್ರೀಲಂಕಾಕ್ಕೆ ದಂಡು ಕಳಿಸಿತು. ಹನ್ನೊಂದು ನೂರಕ್ಕೂ ಹೆಚ್ಚು ಸಿಪಾಯಿಗಳು ಸತ್ತರು. ಆ ದಂಡಯಾತ್ರೆ ತಪ್ಪು ಅಂತ ಎರಡೂ ದೇಶಗಳಲ್ಲಿ ಮಾತಾಡಿದವರು ಬಹಳ. ಆದರೂ ಕೊಲಂಬೊ ಹತ್ತಿರ ಅವರ ಹೆಸರು ಕೆತ್ತಿದ ಸ್ಮಾರಕವನ್ನು ಆ ದೇಶವೇ ಕಟ್ಟಿತು. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ, 2019ರಲ್ಲಿ.

ಆದ್ದರಿಂದ ನಾವು ಹೇಳುವುದು ಇಷ್ಟೇ. ಯುದ್ಧ ಮಾಡಿಸಿದವನನ್ನು ಕಟಕಟೆಗೆ ನಿಲ್ಲಿಸಿ, ಸತ್ತವನನ್ನು ನಿಲ್ಲಿಸಬೇಡಿ. ಹೂವಿನ ಹಾರ ಹಾಕಿ ಭಾಷಣ ಹೊಡೆದವರನ್ನು ನೆತ್ತರುಗೊಡಗೆ ಎಲ್ಲಿ ಅಂತ ಕೇಳಿ. ಸತ್ತ ಸಿಪಾಯಿಯ ಹೆಂಡತಿಗೆ ಪಿಂಚಣಿ ಬಂತೇ, ಕೊಡುತ್ತೇವೆಂದ ಜಮೀನು ಕೈಗೆ ಬಂತೇ, ಅವನ ಮಕ್ಕಳು ಇಸ್ಕೂಲಿಗೆ ಹೋಗ್ತಾವೇ ಅಂತ ಕೇಳಿ. ಅಷ್ಟು ಮಾಡದ ಗೌರವ ಬರೀ ಬಾಯಿಮಾತು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ನಮ್ಮ ಹುಡುಗರು ತಮ್ಮ ತಮ್ಮ ಊರಿನ ಕಲ್ಲುಗಳನ್ನು ಹುಡುಕಲಿ. ಬಿದ್ದದ್ದನ್ನು ಎತ್ತಿ ನಿಲ್ಲಿಸಲಿ. ಅಕ್ಷರವಿದ್ದರೆ ಓದಿಸಿ, ಆ ಹೆಸರನ್ನು ಊರಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಲಿ. ಅಕ್ಷರವಿಲ್ಲದ ಕಲ್ಲುಗಳೇ ಹೆಚ್ಚು ಸಿಗುತ್ತವೆ. ಅವುಗಳ ಮುಂದೆಯೂ ನಿಲ್ಲಲಿ. ಹೆಸರಿಲ್ಲದವನು ಊರಿನವನೂ ಆಗಿರಬಹುದು, ಕೇರಿಯವನೂ ಆಗಿರಬಹುದು.