ತುತ್ತಿನ ಜೊತೆಯ ಮಾತ್ರೆ

ತಿಪಟೂರಿನಲ್ಲಿ 32 ವರ್ಷ ಔಷಧದ ಅಂಗಡಿ ಇಟ್ಟವನು ನಾನು. ಮಾತ್ರೆ ಕತ್ತರಿಸಿ ಕವರಿಗೆ ಹಾಕುವಾಗ ಗಿರಾಕಿಗಳೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: 'ಊಟಕ್ಕೆ ಮುಂಚೇನಾ, ಆದ್ಮೇಲಾ?' ಎರಡರಲ್ಲೊಂದನ್ನು ಕವರಿನ ಮೇಲೆ ಗೀಚಿಬಿಟ್ಟರೆ ನನ್ನ ಕೆಲಸ ಮುಗಿಯುತ್ತಿತ್ತು. ಹೆಂಡತಿಗೆ ಡಯಾಲಿಸಿಸ್ ಶುರುವಾದ ಮೇಲೆ ಮನೆಗೆ ಬಂದ ಮಾತ್ರೆ ಎರಡಕ್ಕೂ ಒಗ್ಗದ್ದು. ಅದು ಊಟದ ನಡುವೆ, ತುತ್ತಿನ ಜೊತೆಗೇ ಹೋಗಬೇಕು.

ಕಿಡ್ನಿ ಕೈಕೊಟ್ಟವರಲ್ಲಿ ಊಟದ ರಂಜಕ ಹೊರಗೆ ಹೋಗುವ ದಾರಿ ಕಟ್ಟಿಹೋಗಿರುತ್ತದೆ. ನಾಲ್ಕು ಗಂಟೆ ಓಡಿದ ಯಂತ್ರ ಒಂದು ಸಲಕ್ಕೆ ಸುಮಾರು 800 ಮಿಲಿಗ್ರಾಂ ತೆಗೆದೀತು. ಹೆಚ್ಚುಕಡಿಮೆ ಅಷ್ಟನ್ನು ನಾವು ಒಂದೇ ದಿನದಲ್ಲಿ ತಿಂದು ಮುಗಿಸುತ್ತೇವೆ. ಯಂತ್ರವೋ ವಾರಕ್ಕೆ ಮೂರೇ ದಿನ. ಉಳಿದದ್ದು ಮೈಯಲ್ಲೆಲ್ಲ ತುರಿಕೆ ತರುತ್ತದೆ, ಮೂಳೆ ಸವೆಸುತ್ತದೆ, ರಕ್ತನಾಳ ಗಟ್ಟಿಯಾಗಿಸುತ್ತದೆ. ಈ ಮಾತ್ರೆ ಕರುಳಿನಲ್ಲೇ ಅನ್ನದ ರಂಜಕವನ್ನು ಹಿಡಿದುಕೊಂಡು ಮಲದಲ್ಲಿ ಹೊರಟುಹೋಗಬೇಕು, ತಾನು ರಕ್ತಕ್ಕೆ ಇಳಿಯಬಾರದು. ಆದರೆ ಇಳಿಯಿತು. ಇದರ ಹಳೆಯ ಕಥೆಯೆಲ್ಲ ಅದೇ.

1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು ರೋಗಿಯ ತೋಳಿಗೆ ಟೆಫ್ಲಾನ್ ಕೊಳವೆ ಕೂರಿಸಿದರು. ಮತ್ತೆ ಮತ್ತೆ ಡಯಾಲಿಸಿಸ್ ಮಾಡಲು ಸಾಧ್ಯವಾದದ್ದು ಅಲ್ಲಿಂದ. ವಾರಗಳಲ್ಲಿ ಸಾಯುತ್ತಿದ್ದವರು ವರ್ಷಗಟ್ಟಲೆ ಬದುಕಿದರು, ಬದುಕಿದವರಿಗೆ ರಂಜಕದ ಕಾಟ ಹತ್ತಿಕೊಂಡಿತು. ಕೈಗೆ ಸಿಕ್ಕ ಮದ್ದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಅಂದರೆ ಎಲ್ಲ ಅಂಗಡಿಯಲ್ಲೂ ಇದ್ದ ಹೊಟ್ಟೆಯುರಿಯ ಔಷಧ. ರಂಜಕವನ್ನು ಬಿಗಿಯಾಗಿ ಹಿಡಿಯುತ್ತಿತ್ತು, ಅಗ್ಗವೂ ಹೌದು. ಚೂರುಪಾರು ರಕ್ತಕ್ಕೆ ಸೇರಿದರೂ ಕಿಡ್ನಿ ಹೊರಹಾಕುತ್ತದೆ ಎಂಬುದು ಆರೋಗ್ಯವಂತರ ಮಾತು. ಇವರಿಗೆ ಕಿಡ್ನಿ ಎಲ್ಲಿತ್ತು?

ಡೆನ್ವರ್‌ನಲ್ಲಿ ಆಲನ್ ಆಲ್‌ಫ್ರೀ ಮತ್ತು ಸಂಗಡಿಗರು 1972ರಲ್ಲಿ ವಿಚಿತ್ರವಾದ ಕಾಯಿಲೆಯೊಂದನ್ನು ವರದಿ ಮಾಡಿದರು. ವರ್ಷಗಳಿಂದ ಡಯಾಲಿಸಿಸ್‌ನಲ್ಲಿದ್ದವರಿಗೆ ಮಾತು ತೊದಲುತ್ತಿತ್ತು, ಅದೂ ಯಂತ್ರದಿಂದ ಎದ್ದ ಹೊತ್ತಿಗೆ ಹೆಚ್ಚು. ಆಮೇಲೆ ಕೈಕಾಲು ಅದುರುವುದು, ಫಿಟ್ಸ್, ಮರೆವು. ಕೆಲವೇ ತಿಂಗಳಲ್ಲಿ ಸಾವು. 1976ರಲ್ಲಿ ಅದೇ ತಂಡ ಸತ್ತವರ ಮಿದುಳಿನ ಬೂದು ಭಾಗದಲ್ಲಿದ್ದ ಅಲ್ಯೂಮಿನಿಯಂ ಅಳೆದು ಬರೆಯಿತು. ಹತ್ತು ಲಕ್ಷ ಭಾಗಕ್ಕೆ ಈ ಕಾಯಿಲೆಯವರಲ್ಲಿ 25, ಬೇರೆ ಕಾರಣಕ್ಕೆ ಸತ್ತ ಡಯಾಲಿಸಿಸ್ ರೋಗಿಗಳಲ್ಲಿ 6.5, ಉಳಿದವರಲ್ಲಿ 2.2. ಮದ್ದೊಂದೇ ಅಲ್ಲ, ಯಂತ್ರಕ್ಕೆ ಬಿಡುವ ನೀರಿನಲ್ಲೂ ಅಲ್ಯೂಮಿನಿಯಂ ಇತ್ತು. ಇಂಗ್ಲೆಂಡಿನ ನ್ಯೂಕಾಸಲ್‌ನ ವೈದ್ಯರು 1978ರಲ್ಲಿ ಮೂಳೆ ಮುರಿಯುವ ಕಾಯಿಲೆಯ ಬೆನ್ನು ಹಿಡಿದು ಅದೇ ನೀರಿಗೆ ಬಂದು ಮುಟ್ಟಿದರು. ಕೆರೆಯ ಕೆಂಪು ನೀರು ತಿಳಿಯಾಗಲೆಂದು ನಮ್ಮಮ್ಮ ಕೊಡದೊಳಗೆ ತಿಕ್ಕುತ್ತಿದ್ದ ಪಟಿಕವೂ ಅಲ್ಯೂಮಿನಿಯಂ ಉಪ್ಪೇ. ಇವತ್ತು ಡಯಾಲಿಸಿಸ್ ಕೋಣೆಯ ಪಕ್ಕದಲ್ಲಿ ಗುಂಯ್ಗುಡುವ ಆರ್‌ಒ ಘಟಕದ ಹಿಂದೆ ಆ ಸಾವುಗಳಿವೆ.

ಆಮೇಲಿನದ್ದು ಬೇಗ ಹೇಳಿ ಮುಗಿಸಬಹುದು. 1986ರಲ್ಲಿ ಸೇಂಟ್ ಲೂಯಿಸ್‌ನ ಸ್ಲಾಟೊಪೋಲ್ಸ್ಕಿ ತಂಡ ಕ್ಯಾಲ್ಸಿಯಂ ಕಾರ್ಬೊನೇಟ್ ಸಾಕು ಎಂದು ತೋರಿಸಿತು. ಸುಣ್ಣಕಲ್ಲಿನ ಪುಡಿ, ಯಾರು ಹೆದರುತ್ತಾರೆ? 2000ದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಎಳೆಯ ಡಯಾಲಿಸಿಸ್ ರೋಗಿಗಳ ಹೃದಯವನ್ನು ಸ್ಕ್ಯಾನ್ ಮಾಡಿದರು. 20ರಿಂದ 30ರ ವಯಸ್ಸಿನ 16 ಮಂದಿಯಲ್ಲಿ 14 ಮಂದಿಯ ಹೃದಯದ ರಕ್ತನಾಳದಲ್ಲಿ ಸುಣ್ಣ ಕಟ್ಟಿತ್ತು. ಹಾಗೆ ಕಟ್ಟಿದವರು ನುಂಗಿದ್ದ ಕ್ಯಾಲ್ಸಿಯಂ ಉಳಿದವರ ಸುಮಾರು ಎರಡರಷ್ಟು. ಲೋಹವೂ ಸುಣ್ಣವೂ ಇಲ್ಲದ ಸೆವೆಲಮರ್ 1998ರಲ್ಲೇ ಅಮೆರಿಕದ ಪೇಟೆಗೆ ಬಂದಿತ್ತು. 2004ರಲ್ಲಿ ಲ್ಯಾಂಥನಂ ಬಂತು, ಕಬ್ಬಿಣದವು ಇನ್ನೂ ಆಮೇಲೆ. ಒಂದೊಂದರ ಮರ್ಜಿ ಒಂದೊಂದು. ಲ್ಯಾಂಥನಂ ಮಾತ್ರೆಯನ್ನು ಚೆನ್ನಾಗಿ ಅಗಿಯಬೇಕು. ಸೆವೆಲಮರ್ ಅನ್ನು ಅಗಿಯಕೂಡದು, ನೀರು ತಾಗಿದರೆ ಉಬ್ಬುತ್ತದೆ.

ಇಷ್ಟು ಓದಿಕೊಂಡವನಂತೆ ಬರೆಯುತ್ತಿದ್ದೇನಲ್ಲ, ಓದಿದ್ದು ತಪ್ಪು ಮಾಡಿದ ಮೇಲೆ. ಒಂದು ಯುಗಾದಿಯ ರಾತ್ರಿ ಅವಳಿಗೆ ಎದೆಯುರಿ. ಮನೆಯಲ್ಲಿದ್ದ ಗುಲಾಬಿ ಬಣ್ಣದ ಗ್ಯಾಸಿನ ಔಷಧ ಎರಡು ಚಮಚ ಕುಡಿಸಿ, ಬಾಯಿ ಸಪ್ಪೆಯಾಯಿತೆಂದಳು ಅಂತ ಮೇಲೊಂದಿಷ್ಟು ನಿಂಬೆ ಪಾನಕವನ್ನೂ ಕೊಟ್ಟೆ. ಮರುದಿನ ಸೂಜಿ ಚುಚ್ಚುತ್ತಿದ್ದ ಸಿಸ್ಟರ್ ಮಾತಿಗೆ ಮಾತು ಬಂದು ಅದನ್ನು ಕೇಳಿ ಕೈ ನಿಲ್ಲಿಸಿದರು. 'ಸಾರ್, ನೀವೇ ಔಷಧ ಮಾರಿದೋರು. ಲೇಬಲ್ ನೋಡಲಿಲ್ವಾ?' ಮನೆಗೆ ಬಂದು ಕನ್ನಡಕ ಹಾಕಿಕೊಂಡು ನೋಡಿದೆ. ಮೊದಲ ಸಾಲಿನಲ್ಲೇ ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ನಿಂಬೆಯ ಸಿಟ್ರೇಟ್ ಸೇರಿದರೆ ಅದು ಇನ್ನಷ್ಟು ರಕ್ತಕ್ಕೆ ಇಳಿಯುತ್ತದಂತೆ. ಎರಡು ಚಮಚಕ್ಕೆ ಏನೂ ಆಗಲಿಲ್ಲ, ಸರಿ. ಆದರೆ ಆ ಬಾಟಲಿಯನ್ನು ನಾನು ಎಷ್ಟು ಜನಕ್ಕೆ, ಕಿಡ್ನಿ ಹೇಗಿದೆ ಎಂದು ಒಂದು ಮಾತು ಕೇಳದೆ ಕೊಟ್ಟಿದ್ದೇನೆ!

ಈಗ ಡಾಕ್ಟರ ಚೀಟಿಯಲ್ಲಿಲ್ಲದ್ದು ಮನೆಯೊಳಗೆ ಬರುವುದಿಲ್ಲ. ಥೈರಾಯ್ಡ್ ಮಾತ್ರೆ ನಸುಕಿನಲ್ಲೇ ಆಗಿಬಿಡಬೇಕು, ಇಲ್ಲದಿದ್ದರೆ ಈ ಊಟದ ಮಾತ್ರೆ ಅದನ್ನೂ ಹಿಡಿದುಕೊಂಡು ಹೋಗುತ್ತದೆ. ಕೆಲವು ಆಂಟಿಬಯಾಟಿಕ್‌ಗಳ ಪಾಡೂ ಅಷ್ಟೇ. ಮಧ್ಯಾಹ್ನ ಮರೆತರೆ ಮರೆತದ್ದೇ, ರಾತ್ರಿಗೆ ಎರಡು ಸೇರಿಸುವಂತಿಲ್ಲ. ಬರೀ ಹೊಟ್ಟೆಯಲ್ಲಿ ನುಂಗಿದರೆ ಹಿಡಿಯಲು ಅಲ್ಲಿ ಏನಿದೆ?

ಮೊನ್ನೆ ನೆಂಟರ ಮದುವೆಯಲ್ಲಿ ಎಲೆಯ ಮುಂದೆ ಕೂತಳು. ಕೋಸಂಬರಿ ಬಂತು, ಪಲ್ಯ ಬಂತು, ಇವಳು ಸುಮ್ಮನೆ ಕೂತಿದ್ದಳು. ಅನ್ನ ಬಿದ್ದ ಮೇಲೆ ಚಿಲ್ಲರೆ ಪರ್ಸಿನಿಂದ ಕತ್ತರಿಸಿಟ್ಟ ಎರಡು ಮಾತ್ರೆ ತೆಗೆದು ಎಲೆಯ ತುದಿಯಲ್ಲಿ, ಉಪ್ಪಿನ ಪಕ್ಕಕ್ಕೆ ಇಟ್ಟುಕೊಂಡಳು. ಕುಡಿಯುವ ನೀರಿಗೂ ಅಳತೆಯಲ್ಲವೇ, ಎರಡು ತುತ್ತಾದ ಮೇಲೆ ಒಂದೊಂದೇ ಗುಟುಕಿನಲ್ಲಿ ನುಂಗಿದಳು. ಪಕ್ಕದಲ್ಲಿದ್ದ ಹೆಂಗಸು, 'ಊಟ ಆದ್ಮೇಲೆ ತಗೊಂಡ್ರೆ ಆಗ್ತಿತ್ತಲ್ಲಕ್ಕಾ' ಅಂದರು.

'ಇದನ್ನ ಸಾರಿನ ಜೊತೆ ಬಡಿಸೋದು ಕಣಮ್ಮ' ಎಂದು ಇವಳು ಅನ್ನ ಕಲಸಿದಳು.