ಕರಪತ್ರ ಸುಟ್ಟುಹೋಯಿತು, ಕಡತ ಉಳಿಯಿತು

ಮುದ್ದೇನಹಳ್ಳಿ ಎಂದರೆ ಕನ್ನಂಬಾಡಿ ಕಟ್ಟೆ, ಭದ್ರಾವತಿ ಕಾರ್ಖಾನೆ ನೆನಪಾಗುತ್ತವೆ. ಆ ಊರಿನ ಸರ್ ಎಂ. ವಿಶ್ವೇಶ್ವರಯ್ಯನವರಿಗೂ ಮೈಸೂರು ಸಂಸ್ಥಾನದ ವಿದ್ಯಾರ್ಥಿ ಚಳವಳಿಗೂ ಇದ್ದ ನಂಟು ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಅದಕ್ಕೆ ಸಾಕ್ಷಿಯಾಗಿ ಒಂದು ಸರ್ಕಾರಿ ದಾಖಲೆಯಿದೆ. ಅದು 1928ರ ಬೆಂಗಳೂರು ಗಲಭೆಗಳ ವಿಚಾರಣಾ ಸಮಿತಿಯ ವರದಿ.

ಸುಲ್ತಾನಪೇಟೆಯ ಸರ್ಕಾರಿ ಶಾಲೆಯ ಗಣಪತಿ ವಿಗ್ರಹದ ಸುತ್ತ ಎದ್ದ ತಕರಾರು ಆ ವರ್ಷದ ಜುಲೈನಲ್ಲಿ ಬೀದಿಗೆ ಬಂತು. ಹುಡುಗರು ತರಗತಿ ಬಿಟ್ಟು ಮೆರವಣಿಗೆ ಹೊರಟರು. ವಿದ್ಯಾರ್ಥಿ ಮುಖಂಡರ ಬಂಧನವಾಯಿತು. ಅವರನ್ನು ಬಿಡಿ ಎಂಬ ಕೂಗು ಬಲಿಯಿತು. ಕಡೆಗೆ ಅದು ಹಿಂದೂ–ಮುಸ್ಲಿಂ ಗಲಭೆಗೆ ತಿರುಗಿತು. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ವಿಚಾರಣೆಯ ಹೊಣೆ ಬಿದ್ದದ್ದು ಮಾಜಿ ದಿವಾನರಾದ ವಿಶ್ವೇಶ್ವರಯ್ಯನವರ ಮೇಲೆ. ಅವರ ಸಮಿತಿ ಕಲ್ಲು ತೂರಿದವರು ಯಾರೆಂದು ಕೇಳುವುದಕ್ಕಷ್ಟೇ ನಿಲ್ಲದೆ, ಸಂಸ್ಥಾನಕ್ಕೆ ಜವಾಬ್ದಾರಿ ಸರ್ಕಾರ ಬೇಕೆಂಬ ಮಾತನ್ನೂ ಎತ್ತಿತು.

ಶಾಲಾ ಹುಡುಗರ ಜಗಳ ರಾಜ್ಯಾಡಳಿತದ ಪ್ರಶ್ನೆಯಾಗಿ ಬೆಳೆದದ್ದು ಹೀಗೆ.

ಹದಿನಾಲ್ಕು ವರ್ಷ ಕಳೆದ ಮೇಲೆ ಇದೇ ಸೀಮೆಯ ಇನ್ನೊಬ್ಬರು ಚಳವಳಿಯ ಒಳಗೇ ಇದ್ದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ ಹೈಸ್ಕೂಲು ಓದಲೆಂದು ಊರಿಂದ ಬೆಂಗಳೂರಿಗೆ ನಡೆದೇ ಬಂದ ಬಡವರ ಮನೆಯ ಹುಡುಗ. 1936ರಲ್ಲಿ ನ್ಯಾಷನಲ್ ಹೈಸ್ಕೂಲಿಗೆ ಗಾಂಧೀಜಿ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದ್ದು ಈ ವಿದ್ಯಾರ್ಥಿಯೇ. 1942ರಲ್ಲಿ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರ ಆನರ್ಸ್ ಓದನ್ನು ಅರ್ಧಕ್ಕೆ ಬಿಟ್ಟು ‘ಭಾರತ ಬಿಟ್ಟು ತೊಲಗಿ’ ಚಳವಳಿಗೆ ಇಳಿದು ಜೈಲು ಸೇರಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆ ದಿನಗಳ ಕಥೆಯನ್ನು ‘ಹೋರಾಟದ ಹಾದಿ’ ಎಂಬ ಆತ್ಮಕಥೆಯಲ್ಲಿ ತಾವೇ ಬರೆದಿಟ್ಟರು.

ಹಾಗೆ ಬರೆದಿಟ್ಟವರು ಕೆಲವರೇ. ಮೈಸೂರಿನಲ್ಲಿ ವಿದ್ಯಾರ್ಥಿ ನಾಯಕರಾಗಿ ಜೈಲಿಗೆ ಹೋದ ಎಚ್.ವೈ. ಶಾರದಾ ಪ್ರಸಾದ್ ಅಲ್ಲಿ ದಿನಚರಿ ಇಟ್ಟಿದ್ದರು. ಅದು ಪುಸ್ತಕವಾದದ್ದು 2008ರಲ್ಲಿ ಅವರು ತೀರಿಕೊಂಡ ನಂತರ. ಉಳಿದವರ ಕಾಗದಗಳ ಪಾಡೇ ಬೇರೆ. ಪೊಲೀಸರ ಕೈಗೆ ಕರಪತ್ರ ಸಿಕ್ಕರೆ ಜೈಲು. ಹಾಗಾಗಿ ಓದಿದವರು ಅದನ್ನು ಒಲೆಗೆ ಹಾಕುವುದೇ ಕ್ಷೇಮವಾಗಿತ್ತು. ಪೊಲೀಸರು ಬರೆದದ್ದು ಮಾತ್ರ ನಂಬರು ಹಾಕಿಸಿಕೊಂಡು ಕಡತ ಸೇರಿತು. ಇಂದು ಸಂಶೋಧಕರು ಪತ್ರಾಗಾರಕ್ಕೆ ಹೋದರೆ ಹೆಚ್ಚಾಗಿ ಕಾಣುವುದು, ಚಳವಳಿಯನ್ನು ಹತ್ತಿಕ್ಕಿದವರ ಕಣ್ಣಿಗೆ ಬಿದ್ದ ಚಳವಳಿ.

ಸರ್ಕಾರಿ ಕಾಗದವೊಂದನ್ನೇ ನಂಬಿದರೆ ಏನಾಗುತ್ತದೆಂಬುದಕ್ಕೆ ಗೌರಿಬಿದನೂರಿನ ಪಕ್ಕದ ವಿದುರಾಶ್ವತ್ಥವೇ ಸಾಕ್ಷಿ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಸತ್ತವರು ಹತ್ತು ಮಂದಿ ಎಂದಿತು ಸರ್ಕಾರ. ಜನರ ಲೆಕ್ಕ ಮೂವತ್ತು ದಾಟುತ್ತದೆ. ಆ ಅಂತರದಲ್ಲಿ ಇರುವುದು ಮನುಷ್ಯರ ಹೆಸರುಗಳು.

ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟದ ಹಳೆಯ ಮನೆಗಳ ಟ್ರಂಕುಗಳಲ್ಲಿ ಅಜ್ಜನ ಜೈಲಿನ ಕಾಗದ, ಕಾಲೇಜಿನ ನೋಟೀಸು, ಮಡಚಿಟ್ಟ ಕರಪತ್ರ ಸಿಕ್ಕರೆ ರದ್ದಿಗೆ ಹಾಕಬೇಡಿ. ಮೊದಲು ಅದರ ಫೋಟೊ ತೆಗೆದು, ಯಾರದು, ಯಾವ ವರ್ಷದ್ದು ಎಂದು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ. ಆಮೇಲೆ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ತಲುಪಿಸಿ.