ಅಜ್ಜಿಯ ಸುಣ್ಣದ ಡಬ್ಬಿ ಮತ್ತು ಸಮುದ್ರದ ಬಗ್

ಮೊನ್ನೆ ಭಾನುವಾರ ಅಗ್ರಹಾರದ ಮನೇಲಿ ಊಟ ಆದ್ಮೇಲೆ ಅಜ್ಜಿ ಎಲೆ ಅಡಿಕೆ ತಟ್ಟೆ ಇಟ್ಕೊಂಡು ಕೂತಿದ್ರು. ವೀಳ್ಯದೆಲೆಗೆ ಸುಣ್ಣ ಸವರ್ತಾ, "ನಮ್ಮ ಕಾಲದ ಚಿಪ್ಪಿನ ಸುಣ್ಣದ ನಯ ಇದಕ್ಕಿಲ್ಲ ಕಣೋ" ಅಂದ್ರು. ಚಿಪ್ಪು ಅಂದ ತಕ್ಷಣ ನಂಗೆ ಹಿಂದೆ ಓದಿದ್ದ ಒಂದು ಕಥೆ ನೆನಪಾಯ್ತು.

ಅಮೆರಿಕದ ಆರೆಗಾನ್‌ನಲ್ಲಿ ವಿಸ್ಕಿ ಕ್ರೀಕ್ ಅನ್ನೋ ಹ್ಯಾಚರಿ ಇದೆ. ಸಿಂಪಿ ಮರಿಗಳನ್ನು ಬೆಳೆಸಿ ಸಾಕುವವರಿಗೆ ಮಾರೋದು ಅವರ ಕೆಲಸ. 2007ರ ಹೊತ್ತಿಗೆ ಮರಿಗಳು ತೊಟ್ಟಿಗಟ್ಟಲೆ ಸಾಯತೊಡಗಿದವು. ವಿಬ್ರಿಯೊ ಬ್ಯಾಕ್ಟೀರಿಯಾ ಇರಬೇಕು ಅಂತ ನೀರು ಶುದ್ಧ ಮಾಡೋ ಯಂತ್ರ ಹಾಕಿದರು. ಸಾವು ನಿಲ್ಲಲಿಲ್ಲ. ಬಗ್ ಇದ್ದದ್ದು ಒಂದು ಕಡೆ, ಪ್ಯಾಚ್ ಹಾಕಿದ್ದು ಇನ್ನೊಂದು ಕಡೆ :)

ಕೊನೆಗೆ ಅಳೆದು ನೋಡಿದಾಗ ಸಿಕ್ಕಿದ್ದು ನೀರಿನ ತಪ್ಪೇ. ಗಾಳಿ ಬೀಸಿ ಆಳದ ನೀರು ಮೇಲೆ ಬಂದಾಗೆಲ್ಲ ಅದರಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು, ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಕಡಿಮೆ. ಮರಿ ತನ್ನ ಮೊದಲ ಚಿಪ್ಪನ್ನು ಹುಟ್ಟಿದ ಒಂದೆರಡು ದಿನದಲ್ಲೇ ಕಟ್ಟಬೇಕು, ಅದೂ ಮೊಟ್ಟೆಯಿಂದ ತಂದ ಬುತ್ತಿಯಲ್ಲೇ. ಇಂಥ ನೀರಲ್ಲಿ ಕಟ್ಟೋಕೇ ಬುತ್ತಿ ಖಾಲಿ. ಉಣ್ಣೋದು ಕಲಿಯೋ ಮೊದಲೇ ಉಪವಾಸ. 2012ರಲ್ಲಿ ಅಲನ್ ಬಾರ್ಟನ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು. ಹ್ಯಾಚರಿಯವರು ನೀರಿಗೆ ಸೋಡಿಯಂ ಕಾರ್ಬೊನೇಟ್, ಅಂದ್ರೆ ನಮ್ಮ ವಾಷಿಂಗ್ ಸೋಡಾ, ಬೆರೆಸಿ ಬಚಾವಾದರು.

ನಂಗೆ ನಿದ್ದೆ ಕೆಡಿಸಿದ್ದು ಇನ್ನೊಂದು ವಿಷಯ. ಹಾಗೆ ಮೇಲೆ ಬಂದ ನೀರು ಕೊನೇ ಸಲ ಗಾಳಿ ಸೋಕಿದ್ದು ಸುಮಾರು 50 ವರ್ಷ ಹಿಂದೆ! ಅಂದ್ರೆ ಆ ಮರಿಗಳು ಸತ್ತದ್ದರಲ್ಲಿ ತಾತಂದಿರ ಕಾಲದ ಹೊಗೆಯ ಪಾಲೂ ಇತ್ತು. ಕೈಗಾರಿಕೆಗಳಿಗೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಲ್ಲಿ ಸುಮಾರು 280 ಇದ್ದ ಈ ಅನಿಲ ಈಗ 420 ದಾಟಿದೆ. ಸಮುದ್ರದ ಮೇಲ್ಪದರದ ಪಿಎಚ್ 8.2ರಿಂದ 8.1ಕ್ಕೆ ಇಳಿದಿದೆ. ಇಷ್ಟೇನಾ ಅನ್ನಬೇಡಿ, ಅದು ಲಾಗ್ ಲೆಕ್ಕ. ಆಮ್ಲೀಯತೆ ಶೇಕಡಾ 30ರ ಹತ್ತಿರ ಏರಿದ ಹಾಗೆ.

ಮುಂಗಾರಿನಲ್ಲಿ ನಮ್ಮ ಅರಬ್ಬೀ ಕರಾವಳಿಯಲ್ಲೂ ಆಳದ ನೀರು ಮೇಲೆ ಬರುತ್ತೆ. ಕುಮಟಾ ಹತ್ತಿರದ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತು ನೀರಿಗಿಳಿದು ಬಳಚು ಹೆಕ್ಕಿ ಬದುಕೋ ಕುಟುಂಬಗಳಿವೆ. 2024ರಲ್ಲಿ ಆ ಅಳಿವೆ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿನ ಮರಿಗಳು ಬೆಳೆಯೋದು ತೊಟ್ಟಿಯಲ್ಲಲ್ಲ, ಹೊಳೆ ಮತ್ತು ಕಡಲು ಕೂಡೋ ಜಾಗದಲ್ಲಿ. ಅಲ್ಲಿಗೆ ಸೋಡಾ ಬೆರೆಸೋರು ಯಾರು?

ನಾವು ಇವತ್ತು ಬಿಟ್ಟ ಹೊಗೆ ಒಂದು ದಿನ ಆಳದಿಂದ ಮೇಲೆ ಬರುತ್ತೆ. ಅಷ್ಟರಲ್ಲಿ ನಾವೂ ಅಜ್ಜ ಅಜ್ಜಿ ಆಗಿರ್ತೀವಿ.

ಕುಮಟಾ, ಅಂಕೋಲಾ ಕಡೆಯ ಗೆಳೆಯರೇ, ನಿಮ್ಮಲ್ಲಿ ಬಳಚು ಮೊದಲಿನಷ್ಟೇ ಸಿಗ್ತಿದ್ಯಾ? ತಿಳಿಸಿ.